ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ: ಕಿಟಕಿಯ ಎತ್ತರ, ಪ್ಲಾನಿನ ಅಳತೆ – ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಲೆಕ್ಕಗಳೆಲ್ಲ 30x40 ಅಡಿ ಸೈಟು, ಸಾಲಿಡ್ ಕಾಂಕ್ರೀಟ್ ಬ್ಲಾಕಿನ ಗೋಡೆ, ಆರ್‌ಸಿಸಿ ಮೋಲ್ಡು (ಕಂಬಿ ಹಾಕಿದ ಕಾಂಕ್ರೀಟ್ ಚಾವಣಿ) ಇರುವ ಮನೆಗೆ ಹಾಕಿದ್ದು. ಇಟ್ಟಿಗೆಯದೋ ಕೆಂಪು ಕಲ್ಲಿನದೋ ಗೋಡೆಯಾದರೆ ವರಸೆಯ (ಒಂದರ ಮೇಲೊಂದು ಏಳುವ ಸಾಲಿನ) ಲೆಕ್ಕ ಮಾತ್ರ ಬೇರೆಯಾಗುತ್ತದೆ, ಉಳಿದದ್ದು ಹಾಗೇ.

ಪ್ಲಾನ್ ಕೈಗೆ ಬಂದಿದೆ, ಕಿಟಕಿಗಳೂ ಅದರಲ್ಲಿವೆ. ಎತ್ತರವನ್ನು ಮೇಸ್ತ್ರಿಗೆ ಬಿಟ್ಟರೆ ಸಾಲದೇ?

ಸಾಲದು. ಪ್ಲಾನ್ ಎಂದರೆ ಮನೆಯನ್ನು ಮೇಲಿನಿಂದ ನೋಡಿದ ಚಿತ್ರ. ಕಿಟಕಿ ಎಷ್ಟು ಅಗಲ, ಮೂಲೆಯಿಂದ ಎಷ್ಟು ದೂರ ಎನ್ನುವುದು ಅದರಲ್ಲಿ ಸಿಗುತ್ತದೆ, ನೆಲದಿಂದ ಎಷ್ಟು ಎತ್ತರ ಎನ್ನುವುದು ಸಿಗುವುದಿಲ್ಲ. ಚಿತ್ರದಲ್ಲಿ ಇಲ್ಲದ್ದನ್ನು ಮೇಸ್ತ್ರಿ ತನ್ನ ರೂಢಿಯಂತೆ ಕಟ್ಟುತ್ತಾನೆ: ಎಲ್ಲ ಕೋಣೆಗೂ ಮೂರು ಅಡಿಗೆ ಸಿಲ್ (ಕಿಟಕಿಯ ಕೆಳ ಅಂಚು), ಏಳು ಅಡಿಗೆ ಲಿಂಟಲ್ (ಕಿಟಕಿ, ಬಾಗಿಲಿನ ತಲೆಯ ಮೇಲಿನ ಅಡ್ಡ ಬೀಮು). ಅದರಲ್ಲಿ ಅವನ ತಪ್ಪೇನಿಲ್ಲ.

ಪಾಯ ತೋಡುವ ಮೊದಲೇ ಎರಡು ಕೇಳಿ ಪಡೆದುಕೊಳ್ಳಿ. ಒಂದು, ಮನೆಯನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ಸೆಕ್ಷನ್ ಡ್ರಾಯಿಂಗ್. ಇನ್ನೊಂದು, ಪ್ರತಿ ಕಿಟಕಿಗೂ ನಂಬರ್ ಕೊಟ್ಟು ಅಗಲ, ಎತ್ತರ, ಸಿಲ್, ಲಿಂಟಲ್ ನಾಲ್ಕನ್ನೂ ಬರೆದ ಪಟ್ಟಿ. ಆ ಪಟ್ಟಿಗಿಂತ ಮೊದಲು ಮಂಚ, ಬೀರು, ಸೋಫಾ, ಸಿಂಕ್, ಗ್ಯಾಸ್ ಒಲೆ ಎಲ್ಲಿ ಬರುತ್ತವೆ ಎಂದು ಪ್ಲಾನಿನ ಮೇಲೆಯೇ ಗುರುತಿಸಿರಬೇಕು. ಕಿಟಕಿಯ ಎತ್ತರವನ್ನು ಹೇಳುವುದು ಗೋಡೆಯಲ್ಲ, ಅದರ ಮುಂದೆ ಬರುವ ಸಾಮಾನು.

ಲಿಂಟಲ್ ಏಳು ಅಡಿ ಅಂತಾರೆ. ಎಲ್ಲಿಂದ ಏಳು ಅಡಿ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ಏಳು ಅಡಿ ಲೆಕ್ಕ ಟೈಲ್ಸ್ ಅಥವಾ ಗ್ರಾನೈಟ್ ಹಾಸಿ ಮುಗಿದ ನೆಲದಿಂದ. ಗೋಡೆ ಕಟ್ಟುವ ದಿನ ಆ ನೆಲ ಇರುವುದಿಲ್ಲ. ಪ್ಲಿಂತ್ ಬೀಮಿನ (ಪಾಯದ ಮೇಲೆ ಸುತ್ತುವ ಬೀಮು) ತಲೆಯೋ, ಮೇಲಿನ ಅಂತಸ್ತಾದರೆ ಒರಟು ಮೋಲ್ಡೋ ಇರುತ್ತದೆ. ಅದರ ಮೇಲೆ ಗಾರೆ, ಟೈಲ್ಸ್ ಸೇರಿ 3ರಿಂದ 4 ಇಂಚು ಬರುತ್ತದೆ. ಮೇಸ್ತ್ರಿ ಒರಟು ನೆಲದಿಂದ ಏಳು ಅಡಿ ಅಳೆದರೆ ಗೃಹಪ್ರವೇಶದ ಹೊತ್ತಿಗೆ ಅದು 6 ಅಡಿ 8 ಇಂಚಾಗಿರುತ್ತದೆ. 7 ಅಡಿಯ ಬಾಗಿಲು ಚೌಕಟ್ಟು ಆಗಲೇ ಮಾಡಿಸಿದ್ದರೆ ಒಂದೋ ಅದರ ಕಾಲು ಕತ್ತರಿಸಬೇಕು, ಇಲ್ಲವೇ ಅದು ನೆಲದೊಳಗೆ ಹೂತುಹೋಗುತ್ತದೆ. ಬಚ್ಚಲಿನ ಬಾಗಿಲುಗಳಲ್ಲಿ ಈ ಎಡವಟ್ಟು ಹೆಚ್ಚು.

ಪರಿಹಾರ ಸುಲಭ. ಮೊದಲ ವರಸೆ ಏಳುವ ದಿನವೇ ನೆಲಕ್ಕೆ ಯಾವ ಕಲ್ಲು, ಗಾರೆ ಸೇರಿ ಎಷ್ಟು ದಪ್ಪ ಎಂದು ತೀರ್ಮಾನಿಸಿ. ಲೆವೆಲ್ ಪೈಪಿಗೆ ಗುಳ್ಳೆ ಉಳಿಯದಂತೆ ನೀರು ತುಂಬಿ, ಮುಗಿದ ನೆಲದಿಂದ ಸರಿಯಾಗಿ 1 ಮೀಟರ್ ಎತ್ತರದಲ್ಲಿ ಪ್ರತಿ ಕಾಲಮ್ಮಿಗೂ ಕೆಂಪು ಬಣ್ಣದ ಗೆರೆ ಹಾಕಿಸಿ. ಸಿಲ್, ಲಿಂಟಲ್, ಅಡುಗೆ ಕಟ್ಟೆ, ಸ್ವಿಚ್ ಬೋರ್ಡ್ ಎಲ್ಲವನ್ನೂ ಆ ಗೆರೆಯಿಂದಲೇ ಅಳೆಯಬೇಕು. ನೆಲದಿಂದ ಟೇಪು ಹಿಡಿಯುವುದನ್ನೇ ನಿಲ್ಲಿಸಿಬಿಡಿ.

ಬ್ಲಾಕಿನ ವರಸೆಗೂ ಕಿಟಕಿಯ ಎತ್ತರಕ್ಕೂ ಏನು ಸಂಬಂಧ?

ಬ್ಲಾಕು 200 ಮಿ.ಮೀ. ಎತ್ತರ, ಮೇಲಿನ ಗಾರೆ 10 ಮಿ.ಮೀ. ಅಂದರೆ ಒಂದು ವರಸೆಗೆ 210 ಮಿ.ಮೀ. ನಿಮ್ಮ ಅಳತೆ ವರಸೆಗೆ ಕೂಡದಿದ್ದರೆ ಮೇಸ್ತ್ರಿ ಬ್ಲಾಕು ಒಡೆದು ಚೂರುಗಳನ್ನು ತುಂಬುತ್ತಾನೆ, ಮುಂದೆ ಗೋಡೆ ಬಿರುಕು ಬಿಡುವುದು ಅಲ್ಲೇ.

ನೆಲದ ದಪ್ಪ 100 ಮಿ.ಮೀ. ಎಂದು ಹಿಡಿಯೋಣ. ಒರಟು ನೆಲದಿಂದ ನಾಲ್ಕು ವರಸೆ ಎಂದರೆ 840. ಅದರ ಮೇಲೆ 100 ಮಿ.ಮೀ. ಸಿಲ್ ಕಾಂಕ್ರೀಟ್, 940 ಆಯಿತು. ಮತ್ತೆ ಆರು ವರಸೆ, ಅಂದರೆ 1260. ಒಟ್ಟು 2200. ನೆಲದ 100 ಕಳೆದರೆ ಲಿಂಟಲಿನ ತಳ 2100ಕ್ಕೆ, ಅಂದರೆ ಹೆಚ್ಚುಕಡಿಮೆ ಏಳು ಅಡಿಗೆ ಬಂತು. ಸಿಲ್ 840, ಅಂದರೆ 2 ಅಡಿ 9 ಇಂಚು. ನಡುವಿನ 1260ರಲ್ಲಿ ನಾಲ್ಕು ಅಡಿಯ ಕಿಟಕಿಗೆ 1220 ಹೋದರೆ ಉಳಿಯುವ 40 ಮಿ.ಮೀ. ಗ್ರಾನೈಟ್ ಸಿಲ್ ಮತ್ತು ಅದರ ಕೆಳಗಿನ ಗಾರೆಗೆ. ಒಂದು ಬ್ಲಾಕೂ ಒಡೆಯಬೇಕಾಗಿಲ್ಲ.

ಯಾವ ಕೋಣೆಗೆ ಸಿಲ್ ಎಷ್ಟು?

ಹಾಲಿನಲ್ಲಿ 2ರಿಂದ 2.5 ಅಡಿ. ಸೋಫಾದ ಸೀಟು ಒಂದೂವರೆ ಅಡಿಯ ಎತ್ತರದಲ್ಲಿರುತ್ತದೆ, ಕುಳಿತವರ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿಗೆ ಬರುತ್ತದೆ. ಆದ್ದರಿಂದ ಕುಳಿತಲ್ಲಿಂದಲೇ ಗಿಡ, ಗೇಟು ಕಾಣುತ್ತವೆ. ಬೆಡ್‌ರೂಮಿಗೆ 2 ಅಡಿ 9 ಇಂಚಿನಿಂದ 3 ಅಡಿ ಇದ್ದರೆ ಮಂಚದ ಗಾಳಿ ತಪ್ಪುವುದಿಲ್ಲ. ತಲೆಹಲಗೆ ಕಿಟಕಿಗೇ ಒರಗುವುದಾದರೆ ಮೂರೂವರೆ ಅಡಿ ಮಾಡಿ, ಇಲ್ಲದಿದ್ದರೆ ಕಿಟಕಿಯ ಕೆಳಭಾಗ ಹಲಗೆಯ ಹಿಂದೆ ಕಸದ ತೊಟ್ಟಿಯಾಗುತ್ತದೆ. ಓದುವ ಮೇಜು ಎರಡೂವರೆ ಅಡಿ ಎತ್ತರ, ಅದರ ಮುಂದಿನ ಸಿಲ್ 3 ಅಡಿ ಇದ್ದರೆ ಪುಸ್ತಕ ಹೊರಗೆ ಬೀಳುವುದಿಲ್ಲ. ದೇವರ ಕೋಣೆಗೆ ಕಿಟಕಿ ಇಡುವುದಾದರೆ ನಾಲ್ಕು ಅಡಿಯ ಮೇಲೆ ಇಡಿ, ದೀಪಕ್ಕೆ ಗಾಳಿ ಹೊಡೆಯದಂತೆ.

ನೆಲ ಅಂತಸ್ತಿನಲ್ಲಿ ಹೊರಗಿನ ಎತ್ತರವನ್ನೂ ಕೂಡಿಸಿ ನೋಡಿ. ಪ್ಲಿಂತ್ ರಸ್ತೆಯಿಂದ ಎರಡು ಅಡಿ ಮೇಲಿದ್ದು ಸಿಲ್ ಎರಡೂವರೆ ಇದ್ದರೆ ರಸ್ತೆಯಿಂದ ನಾಲ್ಕೂವರೆ ಅಡಿ. ನಡೆದು ಹೋಗುವವರ ಕಣ್ಣು ಐದು ಅಡಿಗಿರುತ್ತದೆ, ನಿಮ್ಮ ಟೀವಿಯಲ್ಲಿ ಏನು ಓಡುತ್ತಿದೆ ಎಂಬುದು ಬೀದಿಗೆಲ್ಲ ಗೊತ್ತಾಗುತ್ತದೆ. ರಸ್ತೆ ಕಡೆಯ ಬೆಡ್‌ರೂಮಿಗೆ ಸಿಲ್ ಮೂರೂವರೆ ಮಾಡುವುದೋ ಕಾಂಪೌಂಡ್ ಎತ್ತರಿಸುವುದೋ ಎಂದು ಆಗಲೇ ಯೋಚಿಸಿ.

ಅಡುಗೆಮನೆ ಕಿಟಕಿ?

ಕಟ್ಟೆ ಸಾಮಾನ್ಯವಾಗಿ 32ರಿಂದ 34 ಇಂಚು ಎತ್ತರ, 2 ಅಡಿ ಆಳ. ಮನೆಯಲ್ಲಿ ಹೆಚ್ಚು ಹೊತ್ತು ಅಡುಗೆ ಮಾಡುವವರು ಮೊಣಕೈ ಮಡಿಸಿ ನಿಲ್ಲಲಿ, ಮೊಣಕೈಗಿಂತ ಐದಾರು ಇಂಚು ಕೆಳಗೆ ಕಟ್ಟೆಯ ಮೇಲ್ಮೈ ಬಂದರೆ ಸೊಂಟ ನೋಯುವುದಿಲ್ಲ. ಸಿಲ್ 42 ಇಂಚಿಗೆ. ನಡುವಿನ ಎಂಟು ಇಂಚಿಗೆ ಟೈಲ್ಸ್ ಬರುತ್ತದೆ, ನೀರು ಹಾರಿದರೂ ಮರಕ್ಕೆ ತಾಗುವುದಿಲ್ಲ.

ಕಿಟಕಿಯ ಕೆಳಗೆ ಸಿಂಕ್ ಇರಲಿ, ಒಲೆ ಬೇಡ. ಗಾಳಿಗೆ ಉರಿ ಒಂದು ಕಡೆ ವಾಲಿ ಪಾತ್ರೆಯ ಒಂದೇ ಬದಿ ಕಾಯುತ್ತದೆ, ಪರದೆ ಇದ್ದರೆ ಬೆಂಕಿಯ ಭಯ ಬೇರೆ, ಚಿಮಣಿ ಹಾಕಲು ಗೋಡೆಯೂ ಇರುವುದಿಲ್ಲ. ಸಿಂಕಿನ ಹಿಂದೆ ಬಾಗಿದ ಕತ್ತಿನ ಎತ್ತರದ ನಲ್ಲಿ ಬರುವುದಾದರೆ ಕಿಟಕಿಯ ರೆಕ್ಕೆ ಒಳಕ್ಕೆ ತೆರೆಯಬಾರದು. ಕಟ್ಟೆಯಿಂದ ನಲ್ಲಿ 12–14 ಇಂಚು ಏಳುತ್ತದೆ, ಸಿಲ್ ಬರೀ ಎಂಟು ಇಂಚು ಮೇಲಿದೆ. ಒಳಗೆ ತೆರೆಯುವ ಸೊಳ್ಳೆ ಮೆಶ್ಶಿನ ರೆಕ್ಕೆ ಮೊದಲ ದಿನವೇ ನಲ್ಲಿಗೆ ಬಡಿಯುತ್ತದೆ. ಸ್ಲೈಡಿಂಗ್ ಆದರೆ ಈ ತಾಪತ್ರಯವಿಲ್ಲ.

ಚಿಮಣಿಯ ಪೈಪಿಗೆ 6 ಇಂಚಿನ ತೂತು ಬೇಕು. ಏಳು ಅಡಿಯಿಂದ ಏಳೂವರೆಯ ತನಕ ಲಿಂಟಲ್ ಬೀಮ್ ಸುತ್ತುವರಿದಿರುತ್ತದೆ, ಆಮೇಲೆ ಬಂದ ಹುಡುಗ ಅದನ್ನೇ ಕೊರೆದು ಕಂಬಿ ಕತ್ತರಿಸುವುದುಂಟು. ಗೋಡೆ ಕಟ್ಟುವಾಗಲೇ ಬೀಮಿನ ಮೇಲಿನ ವರಸೆಯಲ್ಲಿ 6 ಇಂಚಿನ ಪಿವಿಸಿ ತುಂಡೊಂದನ್ನು, ಹೊರಕ್ಕೆ ಸ್ವಲ್ಪ ಇಳಿಜಾರಾಗಿ, ಹೂತಿಡಿ.

ಕಿಟಕಿ ಎಷ್ಟು ದೊಡ್ಡದಿರಬೇಕು?

ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕ ಹೀಗಿದೆ: ಬಾಗಿಲು ಬಿಟ್ಟು, ಚೌಕಟ್ಟು ಸೇರಿಸಿ, ಕಿಟಕಿಗಳ ಒಟ್ಟು ವಿಸ್ತೀರ್ಣ ಒಣ ಸೆಕೆಯ ಊರಲ್ಲಿ ಕೋಣೆಯ ನೆಲದ ಹತ್ತನೇ ಒಂದು, ತೇವದ ಸೆಕೆಯಲ್ಲಿ ಆರನೇ ಒಂದು, ನಡುವಿನ ಹವೆಯಲ್ಲಿ ಎಂಟನೇ ಒಂದು ಪಾಲಿಗೆ ಕಡಿಮೆ ಇರಬಾರದು. ಅಡುಗೆಮನೆಗೆ ಇದರ ಮೇಲೆ ಶೇ. 25 ಹೆಚ್ಚು. ಕಲಬುರಗಿ, ರಾಯಚೂರಿನಲ್ಲಿ ಹತ್ತನೇ ಒಂದು, ಮಂಗಳೂರಿನಲ್ಲಿ ಆರನೇ ಒಂದು, ಬೆಂಗಳೂರು–ಮೈಸೂರಿನಲ್ಲಿ ಎಂಟನೇ ಒಂದು ಎಂದು ಹಿಡಿದರೆ ವ್ಯವಹಾರಕ್ಕೆ ಸರಿಹೋಗುತ್ತದೆ.

11x12 ಅಡಿ ಕೋಣೆ 132 ಚದರಡಿ. ಎಂಟನೇ ಒಂದು ಎಂದರೆ 16.5. ಒಂದು 4x4 ಕಿಟಕಿ 16, ಅಂದರೆ ಕೂದಲೆಳೆಯಷ್ಟು ಕಡಿಮೆ. 5x4 ಹಾಕಿದರೆ 20. ಆದರೆ ಒಂದು ಗೋಡೆಗೆ 5x4 ಹಾಕುವುದಕ್ಕಿಂತ ಒಂದು ಗೋಡೆಗೆ 4x4, ಇನ್ನೊಂದಕ್ಕೆ 2x4 ಹಾಕುವುದು ಮೇಲು. ಗಾಳಿ ಒಳಗೆ ಬರಲು ಹೊರಗೆ ಹೋಗುವ ದಾರಿ ಬೇಕು, ಒಂದೇ ಕಿಟಕಿಯ ಕೋಣೆಯಲ್ಲಿ ಅದು ಬಾಗಿಲಲ್ಲೇ ಸುಳಿದು ನಿಲ್ಲುತ್ತದೆ.

ಇನ್ನೊಂದು ಮಾತು. ಎರಡು ಗಾಜಿನ ಸ್ಲೈಡಿಂಗ್ ಕಿಟಕಿ ತೆರೆಯುವುದು ಅರ್ಧ ಮಾತ್ರ. ಬೆಳಕಿನ ಲೆಕ್ಕಕ್ಕೆ 16 ಚದರಡಿಯಾದರೂ ಗಾಳಿಯ ಲೆಕ್ಕಕ್ಕೆ ಎಂಟೇ. ರೆಕ್ಕೆ ತೆರೆಯುವ ಕಿಟಕಿಯಾದರೆ ಪೂರ್ತಿ.

ಪಶ್ಚಿಮದ ಬಿಸಿಲಿಗೆ ಕಿಟಕಿಯ ಮೇಲೆ ಚಾಚುವ ಸಜ್ಜಾ ದೊಡ್ಡದು ಮಾಡಿದರೆ ಸಾಕಲ್ಲ?

ಇಲ್ಲ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ನಡು ಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರ ಇರುತ್ತಾನೆ. ದಕ್ಷಿಣದ ಕಿಟಕಿಗೆ ಎರಡು ಅಡಿ ಸಜ್ಜಾ ಇದ್ದರೆ ನೆರಳು 2 ಅಡಿ 8 ಇಂಚು ಇಳಿಯುತ್ತದೆ, ನಾಲ್ಕು ಅಡಿ ಕಿಟಕಿಯ ಮೂರರಲ್ಲಿ ಎರಡು ಪಾಲು. ಪಶ್ಚಿಮದಲ್ಲಿ ಆಟ ಬೇರೆ. ಮಾರ್ಚಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಸೂರ್ಯ ಸುಮಾರು 35 ಡಿಗ್ರಿಗೆ ಇಳಿದಿರುತ್ತಾನೆ, ಅದೇ ಎರಡು ಅಡಿಯ ಸಜ್ಜಾ ಕೊಡುವ ನೆರಳು ಒಂದು ಅಡಿ ಚಿಲ್ಲರೆ. ಐದಕ್ಕೆ ಅದೂ ಇಲ್ಲ. ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು, ಬೀರುವಿನ ಗೋಡೆ ಬರಲಿ. ಕಿಟಕಿ ಇಡಲೇಬೇಕಾದರೆ ಅಗಲ ಕಡಿಮೆ ಮಾಡಿ, ಪಕ್ಕದಲ್ಲಿ ಒಂದೂವರೆ ಅಡಿ ನಿಲುವು ಗೋಡೆ ಚಾಚಿ, ಆಚೆಗೊಂದು ಗಿಡ ನೆಡಿ.

ಉತ್ತರಕ್ಕೆ ಬಿಸಿಲೇ ಬರುವುದಿಲ್ಲ ಎಂಬ ಮಾತೂ ನಮ್ಮ ಕಡೆ ಪೂರ್ತಿ ನಿಜವಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬೆಂಗಳೂರಿನಲ್ಲಿ ನಡು ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆದರೆ ಅಷ್ಟು ಎತ್ತರದ ಬಿಸಿಲನ್ನು ಒಂದೂವರೆ ಅಡಿ ಸಜ್ಜಾ ತಡೆಯುತ್ತದೆ. ದೊಡ್ಡ ಕಿಟಕಿಗೆ ಉತ್ತರವೇ ಒಳ್ಳೆಯದು.

ವಾಸ್ತು ಪ್ರಕಾರ ನೈರುತ್ಯದಲ್ಲಿ ಮಲಗುವ ಕೋಣೆ. ಸಂಜೆ ಕುಲುಮೆ ಆಗುತ್ತದಲ್ಲ?

ಆಗುತ್ತದೆ. ನೈರುತ್ಯದ ಎರಡು ಹೊರಗೋಡೆಗಳಲ್ಲಿ ಒಂದು ಪಶ್ಚಿಮದ್ದೇ. ದೊಡ್ಡ ಕಿಟಕಿ ದಕ್ಷಿಣಕ್ಕಿರಲಿ. ಪಶ್ಚಿಮಕ್ಕೆ ಐದು ಅಡಿಯಿಂದ ಏಳಡಿಯ ನಡುವೆ ಒಂದು ಸಣ್ಣ ಕಿಟಕಿ ಬಿಟ್ಟು, ಆ ಗೋಡೆಯ ಉಳಿದ ಉದ್ದಕ್ಕೆ ಬೀರು ಬರಲಿ. ಕಾದ ಗೋಡೆಗೂ ನಿಮಗೂ ನಡುವೆ ಎರಡು ಅಡಿ ಬಟ್ಟೆ ಇದ್ದಂತಾಯಿತು.

ಆಯ (ವಾಸ್ತುವಿನ ಶುಭ ಅಳತೆ) ನೋಡಿಸುವವರು ಪ್ಲಾನ್ ಹಾಕುವ ಮೊದಲೇ ನೋಡಿಸಿ. ಪಾಯ ಎದ್ದ ಮೇಲೆ ಒಳಅಳತೆ ನಾಲ್ಕಿಂಚು ಕಡಿಮೆ ಮಾಡಿ ಎಂದರೆ ಗೋಡೆ ಬೀಮು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ಮೂಲೆಯ ಕಿಟಕಿಗೆ ಜಾಗ ಸಾಲದೆ ಹೋಗುತ್ತದೆ.

ಪ್ಲಾನಿನಲ್ಲಿ 12 ಅಡಿ ಕೋಣೆ ಅಂದಿದ್ದರು, ಕಟ್ಟಿದ ಮೇಲೆ 11 ಚಿಲ್ಲರೆ ಸಿಕ್ಕಿತು. ಎಲ್ಲಿ ಹೋಯಿತು?

ಗೋಡೆ ತಿಂದಿತು. 30 ಅಡಿ ಅಗಲದಲ್ಲಿ ಎರಡೂ ಪಕ್ಕ ಮೂರು ಮೂರು ಅಡಿ ಬಿಟ್ಟರೆ ಹೊರಅಳತೆ 24 ಅಡಿ, ಅಂದರೆ 288 ಇಂಚು. ಹೊರಗೋಡೆ ಎರಡು ಆರು ಇಂಚಿನವು, ನಡುವೆ ಒಂದು ನಾಲ್ಕಿಂಚಿನದು, ಒಟ್ಟು 16. ಉಳಿದ 272ರಲ್ಲಿ ಎರಡು ಕೋಣೆ ಮಾಡಿದರೆ ತಲಾ 136 ಇಂಚು, 11 ಅಡಿ 4 ಇಂಚು. ಎರಡು ಬದಿಯ ಪ್ಲಾಸ್ಟರಿಗೆ ಇನ್ನೊಂದಿಂಚು. ಟೇಪು ಹಿಡಿದರೆ 11 ಅಡಿ 3 ಇಂಚು. ಹೊರಗೋಡೆ ಎಂಟಿಂಚಿನದಾದರೆ ಮತ್ತೆರಡು ಇಂಚು ಖೋತಾ. ಬಿಡಬೇಕಾದ ಜಾಗದ ನಿಯಮ ಊರಿಂದೂರಿಗೆ, ಸೈಟಿನ ಅಳತೆಗೆ ತಕ್ಕಂತೆ ಬೇರೆ, ನಿಮ್ಮ ಸ್ಥಳೀಯ ಸಂಸ್ಥೆಯದನ್ನೇ ನೋಡಿ. ಪ್ಲಾನ್ ನೋಡುವಾಗ ಬರೆದ ಅಳತೆ ಗೋಡೆಯ ನಡುಗೆರೆಯದೋ ಒಳಗಿನದೋ ಎಂದು ಮೊದಲು ಕೇಳಿ.

ಈ 11 ಅಡಿ ಯಾಕೆ ಮುಖ್ಯವೆಂದರೆ, ಮಂಚದ ಉದ್ದ ಆರೂವರೆ, ಕಾಲಕಡೆಯ ಬೀರು ಎರಡು, ನಡುವೆ ಬೀರುವಿನ ಬಾಗಿಲು ತೆರೆದು ನಿಲ್ಲಲು ಎರಡೂವರೆ. ಕೂಡಿಸಿ, ಸರಿಯಾಗಿ ಹನ್ನೊಂದು. ಹತ್ತು ಅಡಿ ಕೋಣೆಯಲ್ಲಿ ಮಂಚದ ಮೇಲೆ ಕುಳಿತೇ ಸೀರೆ ತೆಗೆಯಬೇಕು.

ಬಾಗಿಲನ್ನು ಮೂಲೆಗೇ ಒತ್ತಿ ಇಡಬಹುದೇ?

ನಾಲ್ಕಿಂಚು ಗೋಡೆ ಬಿಟ್ಟು ಬಾಗಿಲು ನಿಲ್ಲಿಸುವುದು ರೂಢಿ. ಆದರೆ ಆ ಮೂಲೆಯ ಪಕ್ಕದ ಗೋಡೆಗೆ ಬೀರು ಬರುವುದಾದರೆ 2 ಅಡಿ 3 ಇಂಚು ಬಿಡಿ. ಬೀರು ಆ ಸಂದಿಯಲ್ಲಿ ಕೂರುತ್ತದೆ, ಬಾಗಿಲು ಪೂರ್ತಿ ತೆರೆಯುತ್ತದೆ. ಕಿಟಕಿಗೆ ಮೂಲೆಯಿಂದ ಒಂಬತ್ತು ಇಂಚಾದರೂ ಇರಲಿ, ಸರಿಸಿದ ಪರದೆ ನಿಲ್ಲಲು ಜಾಗ ಬೇಕು.

ಮೆಟ್ಟಿಲ ಕಡೆಯ ಕಿಟಕಿ ಅರ್ಧಕ್ಕೆ ಕತ್ತರಿಸಿದಂತಾಗಿದೆ. ಯಾಕೆ?

ಲಿಂಟಲನ್ನು ಮನೆ ಸುತ್ತ ಒಂದೇ ಮಟ್ಟದಲ್ಲಿ ಓಡಿಸಿದ್ದಕ್ಕೆ. ನೆಲದಿಂದ ನೆಲಕ್ಕೆ 10 ಅಡಿ ಇದ್ದರೆ ತಿರುವಿನ ಲ್ಯಾಂಡಿಂಗ್ ಐದು ಅಡಿಗೆ ಬರುತ್ತದೆ. ಮೂರರಿಂದ ಏಳು ಅಡಿಯವರೆಗಿನ ಕಿಟಕಿಯ ನಡುಮಧ್ಯಕ್ಕೇ ಕಾಂಕ್ರೀಟ್ ಬಂದು ಕೂರುತ್ತದೆ. ಲ್ಯಾಂಡಿಂಗಿನ ಮೇಲೆ ನಿಂತವರಿಗೆ ಎರಡೇ ಅಡಿ ಕಿಟಕಿ, ಅದೂ ಮೊಣಕಾಲಿನ ಮಟ್ಟದಲ್ಲಿ. ಅಲ್ಲಿ ಎತ್ತರವನ್ನು ಲ್ಯಾಂಡಿಂಗಿನಿಂದ ಅಳೆಯಬೇಕು: ಸಿಲ್ ಅದರಿಂದ ಮೂರೂವರೆ ಅಡಿ, ಅಂದರೆ ಕೆಳಗಿನ ನೆಲದಿಂದ ಎಂಟೂವರೆ. ಕಿಟಕಿ ಮೇಲಿನ ಅಂತಸ್ತಿನ ಮಟ್ಟವನ್ನು ದಾಟುತ್ತದೆ, ಆದ್ದರಿಂದ ಅಲ್ಲಿ ಬೀಮು ಎಲ್ಲಿ ಹೋಗುತ್ತದೆ ಎಂದು ಎಂಜಿನಿಯರ್ ಮೊದಲೇ ತೋರಿಸಿರಬೇಕು.

ಇದೇ ಹತ್ತು ಅಡಿಗೆ ಮೆಟ್ಟಿಲ ಲೆಕ್ಕ: 18 ಏರು, ತಲಾ 6.67 ಇಂಚು. ಒಂದು ಸಾಲಿಗೆ ಒಂಬತ್ತು ಏರು, ಎಂಟು ತುಳಿ, ತುಳಿಗೆ ಹತ್ತಿಂಚು. 6 ಅಡಿ 8 ಇಂಚು ಉದ್ದ, ಜೊತೆಗೆ ಲ್ಯಾಂಡಿಂಗಿಗೆ ಮೂರು ಅಡಿ. ಅಗಲ ಎರಡು ಸಾಲು ಮತ್ತು ನಡುವಿನ ಸಂದಿ ಸೇರಿ ಆರೂವರೆ. ಇದಕ್ಕಿಂತ ಕಡಿಮೆ ಜಾಗ ಕೊಟ್ಟ ಪ್ಲಾನಿನಲ್ಲಿ ಮೆಟ್ಟಿಲು ಏಣಿಯಾಗುತ್ತದೆ.

ಎಂಟು ಅಡಿಗೆ ಲಿಂಟಲ್ ಮಾಡಿ ಎತ್ತರದ ಕಿಟಕಿ ಹಾಕಬಹುದೇ?

ಹಾಕಬಹುದು, ಆದರೆ ಬೀಮ್ ನೋಡಿಕೊಂಡು. 10 ಅಡಿ ಅಂತಸ್ತು ಎಂದರೆ 120 ಇಂಚು. ಮೇಲಿನ ನೆಲಹಾಸಿಗೆ 4 ಇಂಚು, ಮೋಲ್ಡ್ ಸೇರಿ ಬೀಮ್ 15 ಇಂಚು ಕಳೆದರೆ ಬೀಮಿನ ತಳ 101 ಇಂಚಿಗೆ, ಅಂದರೆ 8 ಅಡಿ 5 ಇಂಚಿಗೆ. ಎಂಟು ಅಡಿಯ ಮೇಲೆ ಆರು ಇಂಚಿನ ಲಿಂಟಲ್ ಹಾಕಲು ಒಂದಿಂಚು ಸಾಲದು. ಹಾಗಾಗಿ ಬೀಮನ್ನೇ ಲಿಂಟಲ್ ಮಾಡಿಕೊಳ್ಳಬೇಕು, ಇಲ್ಲವೇ ಅಂತಸ್ತನ್ನು ಹತ್ತೂವರೆ ಅಡಿಗೆ ಏರಿಸಬೇಕು. ಆಗ ಮೆಟ್ಟಿಲಿನ ಲೆಕ್ಕವೂ ಬದಲಾಗುತ್ತದೆ. ಕಿಟಕಿಯ ಮೇಲೆ ಏಸಿ ಕೂರಿಸುವ ಆಸೆಯಿದ್ದರೆ ಏಳಡಿಯ ಲಿಂಟಲ್ಲೇ ಇರಲಿ.

ಸಜ್ಜಾ ಬಿರುಕು ಬಿಟ್ಟು ಬಾಗಿದೆ. ಸಿಮೆಂಟ್ ಕಡಿಮೆ ಆಯಿತೇ?

ಹೆಚ್ಚಿನ ಕಡೆ ಸಿಮೆಂಟ್ ಅಲ್ಲ, ಕಂಬಿಯ ಜಾಗ. ಮನೆಯ ಮೋಲ್ಡಿನ ನಡುವಿನಲ್ಲಿ ಮುಖ್ಯ ಕಂಬಿ ತಳದಲ್ಲಿರುತ್ತದೆ. ಸಜ್ಜಾ ಒಂದೇ ಕಡೆ ಹಿಡಿತ ಇರುವ ಹಲಗೆ, ತುದಿ ಕೆಳಗೆ ಬಾಗುವಾಗ ಎಳೆತ ಬರುವುದು ಮೇಲ್ಮೈಗೆ, ಹಾಗಾಗಿ ಕಂಬಿಯೂ ಮೇಲೆಯೇ ಬೇಕು. ಕಾಂಕ್ರೀಟ್ ಸುರಿಯುವಾಗ ಆಳುಗಳು ತುಳಿದು ಕಂಬಿ ತಳಕ್ಕೆ ಕೂತುಬಿಡುತ್ತದೆ. ಕೆಳಗೆ ಕುರ್ಚಿಯಂತೆ ಬಗ್ಗಿಸಿದ ಕಂಬಿ ತುಂಡುಗಳನ್ನು ಕೊಟ್ಟು, ಸುರಿಯುವಾಗ ಒಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ಸಜ್ಜಾದ ತುದಿಯ ತಳಭಾಗದಲ್ಲಿ ಅರ್ಧ ಇಂಚಿನ ತೋಡು ಕೊರೆಸಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಗೆ ಹರಿಯುವುದಿಲ್ಲ.

ಮಳೆ ಬಂದಾಗ ಸಿಲ್ಲಿನ ಕೆಳಗೆ ಗೋಡೆ ಒದ್ದೆಯಾಗುತ್ತದೆ.

ಸಿಲ್ ಕಲ್ಲನ್ನು ರಸಮಟ್ಟ ಇಟ್ಟು ಸಮನಾಗಿ ಕೂರಿಸಿರುತ್ತಾರೆ, ಸಮನಾಗಿರುವುದೇ ಇಲ್ಲಿ ತಪ್ಪು. ಹೊರಕ್ಕೆ ಅರ್ಧ ಇಂಚು ಇಳಿಜಾರು ಬೇಕು, ಕಲ್ಲು ಪ್ಲಾಸ್ಟರಿಗಿಂತ ಒಂದರಿಂದ ಒಂದೂವರೆ ಇಂಚು ಹೊರಚಾಚಿರಬೇಕು, ಅದರ ತಳದಲ್ಲೂ ಒಂದು ತೋಡು ಬೇಕು. ಎರಡು ತುದಿಗಳು ಗೋಡೆಯೊಳಗೆ ಒಂದಿಂಚು ಸೇರಿರಲಿ. ಈಗಾಗಲೇ ಕೂರಿಸಿದ್ದರೆ ಸಿಲಿಕೋನ್ ಬಳಿಯುವುದು ಒಂದೆರಡು ಮಳೆಗಾಲಕ್ಕೆ ಮಾತ್ರ.

ಪಕ್ಕದ ಸೈಟು ಖಾಲಿ ಇದೆ. ಆ ಕಡೆ ದೊಡ್ಡ ಕಿಟಕಿ ಇಟ್ಟರೆ?

ನಾಳೆ ಅಲ್ಲಿ ಗೋಡೆ ಏಳುತ್ತದೆ ಎಂದುಕೊಂಡೇ ಪ್ಲಾನ್ ಮಾಡಿ. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಬೆಳಕಿನ ಹಕ್ಕು ಹುಟ್ಟಲು ಅಡೆತಡೆಯಿಲ್ಲದ 20 ವರ್ಷದ ಬಳಕೆ ಬೇಕು. ಹೊಸ ಮನೆಯವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಮುಖ್ಯ ಬೆಳಕು ರಸ್ತೆ ಕಡೆಯಿಂದ, ಹಿಂಭಾಗದಿಂದ, ಇಲ್ಲವೇ ಮೆಟ್ಟಿಲ ತಲೆಯ ಗಾಜಿನಿಂದ ಬರುವಂತಿರಲಿ. ಪಕ್ಕದಲ್ಲಿ ಆಗಲೇ ಮನೆಯಿದ್ದರೆ ಅವರ ಕಿಟಕಿಗಳ ಜಾಗ ಅಳೆದುಕೊಂಡು ನಿಮ್ಮದನ್ನು ಎರಡು ಮೂರು ಅಡಿ ಸರಿಸಿ.

ಬಚ್ಚಲಿಗೆ?

2 ಅಡಿ ಅಗಲ, ಒಂದೂವರೆ ಅಡಿ ಎತ್ತರದ ವೆಂಟಿಲೇಟರ್, ಸಿಲ್ ಐದೂವರೆಗೆ, ತಲೆ ಏಳಕ್ಕೆ. ಗೀಸರ್ ಅದೇ ಗೋಡೆಗೆ ಬೇಡ.

ಚೌಕಟ್ಟು ಯಾವಾಗ ಕೂರಿಸಬೇಕು?

ಮರದ್ದಾದರೆ ಗೋಡೆ ಏಳುವಾಗಲೇ, ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿ) ಹಾಕಿ, ತೂಗುಗುಂಡು ಹಿಡಿದು. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಆದರೆ ಪ್ಲಾಸ್ಟರ್, ಸಿಲ್ ಕಲ್ಲು ಮುಗಿದ ಮೇಲೆ ಅಳತೆ ಕೊಡಿ, ಪ್ಲಾನಿನ ಅಳತೆ ಕೊಡಬೇಡಿ. ಪ್ರತಿ ಕಿಟಕಿಯನ್ನೂ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಚಿಕ್ಕದನ್ನು ಹಿಡಿಯಬೇಕು, ಸುತ್ತ 5–6 ಮಿ.ಮೀ. ಸಂದಿ ಬಿಡಬೇಕು. ಸಿಲ್ ತಗ್ಗಾಗಿದ್ದರೆ ಗ್ರಿಲ್ಲಿನ ಕಂಬಿಗಳ ನಡುವೆ ನಾಲ್ಕಿಂಚಿಗಿಂತ ಹೆಚ್ಚು ಸಂದಿ ಬೇಡ. ಮಲಗಿಸಿದ ಕಂಬಿ ಮಕ್ಕಳಿಗೆ ಏಣಿ, ನಿಲ್ಲಿಸಿದ ಕಂಬಿಯನ್ನೇ ಆರಿಸಿ.

ಗೋಡೆ ಎದ್ದ ಮೇಲೆ ಎತ್ತರ ಬದಲಿಸಬಹುದೇ?

ಕೆಳಗೆ ಇಳಿಸಬಹುದು. ಸಿಲ್ಲಿನ ಕೆಳಗಿನ ಒಂದೆರಡು ವರಸೆ ತೆಗೆದರೆ ಸಾಮಾನ್ಯವಾಗಿ ಮನೆಗೆ ಏನೂ ಆಗುವುದಿಲ್ಲ, ಸಿಲ್ ಬ್ಯಾಂಡ್ ಮನೆ ಸುತ್ತ ಕಂಬಿ ಹಾಕಿ ಓಡಿಸಿದ್ದರೆ ಮಾತ್ರ ಮುಟ್ಟುವ ಮೊದಲು ಎಂಜಿನಿಯರನ್ನು ಕೇಳಿ. ಮೇಲಕ್ಕೆ ಏರಿಸಲು ಲಿಂಟಲ್ ಒಡೆಯಬೇಕು, ಅದು ಬೇಡ. ಅಗಲ ಮಾಡುವುದು ಲಿಂಟಲಿನೊಳಗಿನ ಕಂಬಿ ಎಷ್ಟು ಅಗಲಕ್ಕೆ ಹಾಕಿದ್ದು ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಅನುಮಾನ ಇರುವ ಕಿಟಕಿಗೆ ಸಿಲ್ ಎತ್ತರವಾಗಿಯೇ ಕಟ್ಟಿಸಿಕೊಳ್ಳಿ, ಕೆಳಗಿನ ಎರಡು ವರಸೆಯಲ್ಲಿ ಕರೆಂಟಿನ ಪೈಪು ಹಾಯಿಸಬೇಡಿ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿಡಿ. ಪ್ಲಾಸ್ಟರಿಗೆ ಮೊದಲು ಒಂದು ಕುರ್ಚಿ ತಂದು, ಮುಂದೆ ಹಾಸುವ ನೆಲದ ದಪ್ಪಕ್ಕೆ ಸರಿಯಾಗಿ ಅದರ ಕಾಲಡಿಗೆ ನಾಲ್ಕಿಂಚಿನ ಬ್ಲಾಕು ಇಟ್ಟು, ಕೂತು ಹೊರಗೆ ನೋಡಿ.